ಪ್ಯಾರಿಸ್‌ನಲ್ಲಿ ಒಂದೇ ಪಂದ್ಯ ನೋಡೋದಾದ್ರೆ ರೆಡ್ ಸ್ಟಾರ್ ನೋಡಿ

ಪ್ಯಾರಿಸ್‌ಗೆ ಬರುವ ನಮ್ಮವರು ಫುಟ್‌ಬಾಲ್ ಅಂದ ಕೂಡಲೇ ಕೇಳುವುದು ಪಿಎಸ್‌ಜಿ, ಅಂದರೆ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್‌ನ ಟಿಕೆಟ್. ಸಿಗುತ್ತಾ, ಎಷ್ಟಾಗುತ್ತೆ, ಯಾವ ಸೈಟ್‌ನಲ್ಲಿ ತಗೋಬೇಕು. ನಾನು ಪ್ರತಿ ಸಲ ಒಂದೇ ಉತ್ತರ ಕೊಡುತ್ತೇನೆ. ಆ ದುಡ್ಡು ಉಳಿಸಿ, ಒಂದು ಸಂಜೆ ಬಿಡುವು ಮಾಡಿಕೊಳ್ಳಿ, ರೆಡ್ ಸ್ಟಾರ್ ನೋಡಲು ಹೋಗೋಣ. "ಯಾವ ರೆಡ್ ಸ್ಟಾರ್? ಬೆಲ್‌ಗ್ರೇಡ್‌ದಾ?" ಅಂತಾರೆ. ಅಲ್ಲ. ಸರ್ಬಿಯಾದ ಆ ದೊಡ್ಡ ಕ್ಲಬ್ ಹುಟ್ಟಿದ್ದು 1945ರಲ್ಲಿ. ಇದು 1897ರದ್ದು. ಫ್ರಾನ್ಸಿನ ಹಳೇ ಕ್ಲಬ್‌ಗಳಲ್ಲಿ ಒಂದು. ಈಗಿನ ಮಟ್ಟಕ್ಕೆ ಹೇಳುವುದಾದರೆ ಎರಡನೇ ದರ್ಜೆ. 2024ರವರೆಗೂ ಮೂರನೇ ದರ್ಜೆಯಲ್ಲಿತ್ತು. ಅದಕ್ಕೂ ಹಿಂದೆ ಒಮ್ಮೆ ಇನ್ನೂ ಎಷ್ಟೋ ಮೆಟ್ಟಿಲು ಕೆಳಗೆ ಬಿದ್ದಿತ್ತು.

ನಾನು ಇಲ್ಲಿ ಬರೆಯುತ್ತಿರುವುದು ಒಂದು ಪಂದ್ಯ ನೋಡಿ ಬಂದ ಹುಮ್ಮಸ್ಸಿನಲ್ಲಿ ಅಲ್ಲ. ಹಲವು ಸಲ ಹೋಗಿದ್ದೇನೆ. ಗೆದ್ದಿದ್ದು ನೋಡಿದ್ದೇನೆ, ಸೋತಿದ್ದೂ ನೋಡಿದ್ದೇನೆ, ಚಳಿಯಲ್ಲಿ ತೊಂಬತ್ತು ನಿಮಿಷ ನಿಂತು ಒಂದೂ ಗೋಲ್ ಕಾಣದೆ ಮನೆಗೆ ಬಂದಿದ್ದೂ ಇದೆ. ಆದರೂ ಮುಂದಿನ ಪಂದ್ಯ ಯಾವಾಗ ಅಂತ ಮೆಟ್ರೋದಲ್ಲೇ ನೋಡಿಕೊಳ್ಳುತ್ತೇನೆ.

ಮೊದಲು ಹೋಗುವ ದಾರಿ. ಸ್ಟೇಡಿಯಂ ಇರುವುದು ಪ್ಯಾರಿಸ್ ನಗರದ ಗಡಿ ದಾಟಿದ ತಕ್ಷಣ ಉತ್ತರಕ್ಕೆ ಸಿಗುವ ಊರಿನಲ್ಲಿ. ಹೆಸರು ಬರೆಯುವುದು ಒಂದು ತರಹ, ಕರೆಯುವುದು ಇನ್ನೊಂದು ತರಹ. 'ಸ್ಯಾಂತ್ವೆಂ' ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಹದಿಮೂರನೇ ಲೈನ್ ಮೆಟ್ರೋ ಮೊದಲಿಂದಲೂ ಇತ್ತು. 2020ರ ಡಿಸೆಂಬರ್‌ನಲ್ಲಿ ಹದಿನಾಲ್ಕನೇ ಲೈನ್ ಕೂಡ ಈ ಊರಿನ ಪುರಸಭೆ ಹತ್ತಿರದ ಸ್ಟೇಷನ್‌ವರೆಗೆ ಬಂತು. ಆಮೇಲೆ ತುಂಬಾ ಸಲೀಸಾಯಿತು. ನಗರದ ಮಧ್ಯದ ಶಾತ್ಲೆಯಿಂದ ಹತ್ತಿದರೆ ಕಾಲು ಗಂಟೆಯೊಳಗೆ ಇಳಿಯಬಹುದು, ಆಮೇಲೆ ಸ್ವಲ್ಪ ನಡೆದರೆ ಬಂತು.

ಆದರೆ ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ನಾಲ್ಕನೇ ಲೈನ್ ಹಿಡಿದು ಪೋರ್ತ್ ದ ಕ್ಲಿನ್ಯಾಂಕೂರ್‌ನಲ್ಲಿ ಇಳಿಯುತ್ತೇನೆ. ಅಲ್ಲಿಂದ ದೊಡ್ಡ ವರ್ತುಲ ರಸ್ತೆಯ ಕೆಳಗೆ ದಾಟಿದರೆ ಪ್ಯಾರಿಸ್ ಮುಗಿಯಿತು, ಸ್ಯಾಂತ್ವೆಂ ಶುರುವಾಯಿತು. ಹಳೇ ಸಾಮಾನಿನ ಸಂತೆ ಇರುವುದು ಇದೇ ದಾರಿಯಲ್ಲಿ. ಜಗತ್ತಿನಲ್ಲೇ ದೊಡ್ಡದು ಎನ್ನುವಷ್ಟು ಹೆಸರಿರುವ ಸಂತೆ ಅದು. ಹಿತ್ತಾಳೆ ದೀಪ, ಹಳೇ ಕುರ್ಚಿ, ಯಾರದೋ ಅಜ್ಜನ ಕಾಲದ ಗಡಿಯಾರ, ಸೈನಿಕರ ಕೋಟು, ಪಕ್ಕದಲ್ಲೇ ಹೊಸ ಶೂಗಳ ಅಂಗಡಿ. ಶನಿವಾರ, ಭಾನುವಾರ, ಸೋಮವಾರ ಜೋರು. ಶನಿವಾರ ಪಂದ್ಯ ಇದ್ದರೆ ಮಧ್ಯಾಹ್ನವೇ ಹೋಗಿ ಸಂತೆ ಸುತ್ತಿ ಆಮೇಲೆ ಸ್ಟೇಡಿಯಂಗೆ ಹೋಗಿ. ಊರಿನ ಪರಿಚಯ ಆಗುತ್ತದೆ. ಈ ಕ್ಲಬ್ ಅರ್ಥ ಆಗಬೇಕಾದರೆ ಈ ಊರು ಸ್ವಲ್ಪ ಅರ್ಥ ಆಗಬೇಕು.

ಇದು ಕಾರ್ಖಾನೆ ಕೆಲಸಗಾರರ ಊರು. ಪ್ಯಾರಿಸ್ ಸುತ್ತ ಇಂಥ ಊರುಗಳಿಗೆ 'ಕೆಂಪು ಪಟ್ಟಿ' ಅಂತಲೇ ಹೆಸರು ಬಿದ್ದಿತ್ತು. ಎರಡನೇ ಮಹಾಯುದ್ಧ ಮುಗಿದಾಗಿನಿಂದ 2014ರವರೆಗೆ ಇಲ್ಲಿ ಕಮ್ಯುನಿಸ್ಟ್ ಮೇಯರ್‌ಗಳೇ ಇದ್ದರು. ಇಟಲಿಯಿಂದ, ಸ್ಪೇನ್‌ನಿಂದ, ಪೋರ್ಚುಗಲ್‌ನಿಂದ, ಅಲ್ಜೀರಿಯಾದಿಂದ, ಮಾಲಿಯಿಂದ ಹೊಟ್ಟೆಪಾಡಿಗೆ ಬಂದವರು ಇಲ್ಲೇ ನೆಲೆಸಿದರು. ಈಗ ಕಾರ್ಖಾನೆಗಳು ಬಹುತೇಕ ಇಲ್ಲ. 2024ರ ಒಲಿಂಪಿಕ್ಸ್‌ಗೆ ಬಂದ ಆಟಗಾರರ ವಸತಿಯ ಒಂದು ಭಾಗ ಇದೇ ಊರಿನಲ್ಲಿತ್ತು. ಬಾಡಿಗೆ ಏರುತ್ತಿದೆ, ಹೊಸಬರು ಬರುತ್ತಿದ್ದಾರೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈಗ ಹೆಸರಿನ ವಿಷಯ. 'ಕೆಂಪು ನಕ್ಷತ್ರ', ಅದೂ ಕೆಂಪು ಊರಿನಲ್ಲಿ. ಹಾಗಾದರೆ ಕಮ್ಯುನಿಸ್ಟರು ಕಟ್ಟಿದ ಕ್ಲಬ್ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ, ರಷ್ಯಾ ಕ್ರಾಂತಿಗಿಂತ ಇಪ್ಪತ್ತು ವರ್ಷ ಮೊದಲೇ ಈ ಹೆಸರು ಇತ್ತು. ಕಟ್ಟಿದವನು ಜೂಲ್ ರಿಮೆ. ಹೌದು, ಅದೇ ರಿಮೆ. 1921ರಿಂದ 1954ರವರೆಗೆ ಫಿಫಾ ಅಧ್ಯಕ್ಷನಾಗಿದ್ದು ವಿಶ್ವಕಪ್ ಶುರುಮಾಡಿದವನು. ಬ್ರೆಜಿಲ್ 1970ರಲ್ಲಿ ಮೂರನೇ ಸಲ ಗೆದ್ದು ಶಾಶ್ವತವಾಗಿ ಮನೆಗೆ ಒಯ್ದ ಹಳೇ ಕಪ್‌ಗೆ ಇವನ ಹೆಸರೇ ಇತ್ತು. ಆತ ಇಪ್ಪತ್ತಮೂರು ವರ್ಷದ ಹುಡುಗನಾಗಿದ್ದಾಗ, 1897ರ ಫೆಬ್ರವರಿ 21ರಂದು, ಗೆಳೆಯರ ಜೊತೆ ಸೇರಿ ಈ ಕ್ಲಬ್ ಕಟ್ಟಿದ. ಹುಟ್ಟಿದ್ದು ಐಫೆಲ್ ಟವರ್ ಇರುವ ಏಳನೇ ಬಡಾವಣೆಯಲ್ಲಿ, ಸ್ಯಾಂತ್ವೆಂಗೆ ಬಂದದ್ದು ಆಮೇಲೆ. ಹೆಸರು ಬಂದ ಬಗ್ಗೆ ಅಭಿಮಾನಿಗಳು ಹೇಳುವ ಕಥೆ ಬೇರೆ. ಪರಿಚಯದ ಇಂಗ್ಲಿಷ್ ಮಹಿಳೆಯೊಬ್ಬರು 'ರೆಡ್ ಸ್ಟಾರ್ ಲೈನ್' ಎಂಬ ಹಡಗು ಕಂಪನಿಯ ಹೆಸರು ನೆನೆದು ಸೂಚಿಸಿದರಂತೆ. ನಿಜವೋ ಅಲ್ಲವೋ, ಕೇಳಲು ಚೆಂದ.

ರಿಮೆ ಬಗ್ಗೆ ನನಗೆ ಇಷ್ಟವಾದ ಸಂಗತಿ ಇನ್ನೊಂದು. ಆ ಕಾಲದಲ್ಲಿ ಕ್ರೀಡಾ ಕ್ಲಬ್ ಅಂದರೆ ಉಳ್ಳವರದ್ದು. ಈತ ಹಳ್ಳಿಯಿಂದ ಪ್ಯಾರಿಸ್‌ಗೆ ಬಂದ ಸಾಮಾನ್ಯ ಮನೆಯವನು. ತನ್ನ ಕ್ಲಬ್‌ನಲ್ಲಿ ಬಡವ ಬಲ್ಲಿದ ಅಂತ ಭೇದ ಇರಬಾರದು ಅಂದ. ಆಟದ ಜೊತೆ ಸಾಹಿತ್ಯವೂ ಇರಲಿ ಅಂದ. ನೂರು ವರ್ಷ ದಾಟಿದ ಮೇಲೂ ಆ ಗುಣ ಪೂರ್ತಿ ಹೋಗಿಲ್ಲ. ಕ್ಲಬ್‌ನ ಎಳೆಯ ಆಟಗಾರರಿಗೆ 'ರೆಡ್ ಸ್ಟಾರ್ ಲ್ಯಾಬ್' ಅಂತ ಒಂದು ವ್ಯವಸ್ಥೆ ಇದೆ. ಫೋಟೋ, ನಾಟಕ, ಬರವಣಿಗೆ, ರೇಡಿಯೋ ಅಂತ ಆಟ ಬಿಟ್ಟು ಬೇರೆ ಕೆಲಸ ಕಲಿಸುತ್ತಾರೆ. ಅಕಾಡೆಮಿಗೆ ಸೇರಿದ ಮಕ್ಕಳೆಲ್ಲ ದೊಡ್ಡ ಆಟಗಾರರಾಗುವುದಿಲ್ಲವಲ್ಲ. ಉಳಿದವರ ಕೈಗೂ ಏನಾದರೂ ಇರಲಿ ಅನ್ನುವ ಯೋಚನೆ ನನಗೆ ತುಂಬಾ ಹಿಡಿಸಿತು. ಮಗನನ್ನು ಕೋಚಿಂಗ್‌ಗೆ ಸೇರಿಸಿ ಓದು ಬಿಡಿಸುವ ಅಪ್ಪಂದಿರನ್ನು ನೋಡಿದವನು ನಾನು.

ಸ್ಟೇಡಿಯಂ ಹೆಸರು ಬೋಎರ್. 1909ರಲ್ಲಿ ಕಟ್ಟಿದ್ದು, ಆಗಿನ ಹೆಸರು ಬೇರೆ. ಈಗಿನದು ಮುಂದಿನ ರಸ್ತೆಯಿಂದ ಬಂದ ಹೆಸರು. ಆ ರಸ್ತೆಗೆ ಹೆಸರು ಕೊಟ್ಟ ಡಾಕ್ಟರ್ ಜಾಂ-ಕ್ಲೋದ್ ಬೋಎರ್ ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ವೈದ್ಯ. 1942ರ ಮೇ ತಿಂಗಳಲ್ಲಿ ಜರ್ಮನ್ನರು ಅವರನ್ನು ಗುಂಡಿಟ್ಟು ಕೊಂದರು. ಈ ರಸ್ತೆಯಲ್ಲಿ ಪಂದ್ಯಕ್ಕೆ ಎರಡು ಗಂಟೆ ಮುಂಚೆಯೇ ಜನ ಸೇರುತ್ತಾರೆ. ಎದುರಿಗೆ ಒಂದು ಹಳೇ ಬಾರ್ ಇದೆ, ಅಭಿಮಾನಿಗಳ ಅಡ್ಡ ಅದು. ಒಳಗೆ ಜಾಗ ಸಾಲದೆ ಗ್ಲಾಸ್ ಹಿಡಿದು ರಸ್ತೆ ತನಕ ನಿಂತಿರುತ್ತಾರೆ. ಫ್ರಾನ್ಸಿನಲ್ಲಿ 1991ರ ಕಾನೂನಿನಿಂದಾಗಿ ಸ್ಟೇಡಿಯಂ ಒಳಗೆ ಸಾಮಾನ್ಯವಾಗಿ ಮದ್ಯ ಮಾರುವ ಹಾಗಿಲ್ಲ. ಹಾಗಾಗಿ ಕುಡಿಯುವುದು, ಹರಟೆ, ಹಾಡಿನ ತಾಲೀಮು ಎಲ್ಲಾ ಹೊರಗೇ. ಕುಡಿಯದವರೂ ಧೈರ್ಯವಾಗಿ ಹೋಗಿ ನಿಲ್ಲಬಹುದು. ನಾನು ಕಾಫಿ ಹಿಡಿದು ನಿಲ್ಲುತ್ತೇನೆ, ಯಾರೂ ಏನೂ ಅಂದಿಲ್ಲ.

ಒಳಗೆ ಹೋದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಮೈದಾನ ಅಲ್ಲ, ಒಂದು ಗೋಲ್‌ಪೋಸ್ಟ್ ಹಿಂದಿನ ಅಪಾರ್ಟ್‌ಮೆಂಟ್. ಚೂಪು ಚೂಪು ಮೂಲೆಗಳ, ಮೆಟ್ಟಿಲು ಮೆಟ್ಟಿಲಾಗಿ ಇರುವ ದೊಡ್ಡ ಕಟ್ಟಡ. ಪಂದ್ಯದ ದಿನ ಅಲ್ಲಿನ ಬಾಲ್ಕನಿಗಳೂ ಗ್ಯಾಲರಿಯೇ. ಒಂದು ಸಲ ನೋಡುತ್ತಾ ಇದ್ದೆ. ಮೂರನೇ ಮಹಡಿಯಲ್ಲಿ ಒಬ್ಬಾಕೆ ಒಣಗಿದ ಬಟ್ಟೆ ಎತ್ತಿಕೊಳ್ಳಲು ಬಂದರು. ಅಷ್ಟರಲ್ಲಿ ಕೆಳಗೆ ಕಾರ್ನರ್ ಸಿಕ್ಕಿತು. ಆಕೆ ಕೈಯಲ್ಲಿ ಒಂದು ಟವೆಲ್ ಹಿಡಿದು ಹಾಗೇ ನಿಂತರು. ಕಾರ್ನರ್ ಹೊಡೆದದ್ದಾಯಿತು, ಚೆಂಡು ಗೋಲ್‌ಕೀಪರ್ ಕೈಗೆ ಹೋಯಿತು, ಆಕೆ ತಲೆಯಾಡಿಸಿ ಉಳಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಎಷ್ಟೋ ದೊಡ್ಡ ಸ್ಟೇಡಿಯಂಗಳ ಬೆಳಕಿನಾಟ, ದೊಡ್ಡ ಪರದೆ ನೋಡಿದ್ದೇನೆ. ನೆನಪಿನಲ್ಲಿ ಉಳಿದಿರುವುದು ಆ ಟವೆಲ್.

ಮೈದಾನ ಎಷ್ಟು ಹತ್ತಿರ ಅಂದರೆ ಬೂಟು ಚೆಂಡಿಗೆ ತಾಗುವ ಶಬ್ದ ಕೇಳುತ್ತದೆ. ಆಟಗಾರ ಏದುಸಿರು ಬಿಡುವುದು ಕೇಳುತ್ತದೆ. ಗೆರೆ ಪಕ್ಕ ಬಾವುಟ ಹಿಡಿದು ನಿಲ್ಲುವ ಲೈನ್ಸ್‌ಮನ್‌ಗೆ ಯಾರಾದರೂ ಏನಾದರೂ ಅಂದರೆ ಆತ ಕೇಳಿಸಿಕೊಂಡದ್ದು ಅವನ ಕತ್ತಿನಲ್ಲೇ ಗೊತ್ತಾಗುತ್ತದೆ. ಟಿವಿಯಲ್ಲಿ ಆಟ ನೋಡಿ ನೋಡಿ ನಮಗೆ ಫುಟ್‌ಬಾಲ್‌ನ ವೇಗವೇ ಮರೆತುಹೋಗಿದೆ. ಇಲ್ಲಿ ಅಂಚಿನಲ್ಲಿ ಓಡುವ ವಿಂಗರ್ ನಿಮ್ಮ ಮುಂದಿನಿಂದ ಹಾದುಹೋದಾಗ ಗಾಳಿ ತಾಗಿದ ಹಾಗೆ ಆಗುತ್ತದೆ.

ಅಭಿಮಾನಿಗಳು ನಿಲ್ಲುವ ಗ್ಯಾಲರಿಗೆ ರಿನೋ ದೆಲ್ಲಾ ನೇಗ್ರಾ ಅಂತ ಹೆಸರು. ಈ ಹೆಸರಿನ ಕಥೆ ಗೊತ್ತಿಲ್ಲದೆ ಅಲ್ಲಿ ಪಂದ್ಯ ನೋಡಿದರೆ ಅರ್ಧ ನೋಡಿದ ಹಾಗೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಿನೋ ಹುಟ್ಟಿದ್ದು 1923ರಲ್ಲಿ, ಫ್ರಾನ್ಸಿನ ಉತ್ತರದಲ್ಲಿ. ಅಪ್ಪ ಅಮ್ಮ ಇಟಲಿಯಿಂದ ಕೂಲಿಗೆ ಬಂದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ಅರ್ಜಾಂತೋಯ್‌ನಲ್ಲಿ. ಹದಿನಾಲ್ಕನೇ ವಯಸ್ಸಿಗೇ ಕಾರ್ಖಾನೆ ಸೇರಿದ. ಓಟದಲ್ಲಿ ಭಾರಿ ಚುರುಕು, ಆಡುವ ಜಾಗ ಬಲಗಡೆಯ ಅಂಚು. ಊರಿನ ಚಿಕ್ಕ ತಂಡಗಳಲ್ಲಿ ಆಡುತ್ತಿದ್ದವನನ್ನು 1943ರಲ್ಲಿ ರೆಡ್ ಸ್ಟಾರ್ ಕರೆಸಿಕೊಂಡಿತು. ಅದು ಸಣ್ಣ ಮಾತಲ್ಲ. ಆಗ ರೆಡ್ ಸ್ಟಾರ್ ಅಂದರೆ ಫ್ರಾನ್ಸಿನ ದೊಡ್ಡ ಹೆಸರು. 1921, 1922, 1923, 1928ರಲ್ಲಿ ಫ್ರೆಂಚ್ ಕಪ್ ಗೆದ್ದಿತ್ತು, 1942ರಲ್ಲಿ ಐದನೇ ಸಲ ಗೆದ್ದು ಇನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. 1930ರ ಮೊದಲ ವಿಶ್ವಕಪ್‌ನಲ್ಲಿ ಫ್ರಾನ್ಸಿನ ಗೋಲ್‌ಕೀಪರ್ ಆಗಿದ್ದ ಅಲೆಕ್ಸ್ ತೇಪೋ ಕೂಡ ಇದೇ ಕ್ಲಬ್‌ನವನು.

1943ರಲ್ಲೇ, ಫ್ರಾನ್ಸ್ ನಾಜಿ ಜರ್ಮನಿಯ ವಶದಲ್ಲಿದ್ದಾಗ, ಜರ್ಮನಿಗೆ ಕಡ್ಡಾಯ ದುಡಿಮೆಗೆ ಹೋಗಬೇಕೆಂದು ರಿನೋಗೆ ಕರೆ ಬಂತು. ಹೋಗಲಿಲ್ಲ. ತಲೆಮರೆಸಿಕೊಂಡ. ಮಿಸಾಕ್ ಮನೂಷಿಯಾನ್ ಮುಂದಾಳತ್ವದ, ವಲಸಿಗರೇ ತುಂಬಿದ್ದ ಗುಪ್ತ ಹೋರಾಟದ ಗುಂಪು ಸೇರಿದ. ಜರ್ಮನ್ ಅಧಿಕಾರಿಗಳ ಮೇಲೆ, ಇಟಲಿಯ ಫ್ಯಾಸಿಸ್ಟರ ಕಚೇರಿ ಮೇಲೆ ನಡೆದ ದಾಳಿಗಳಲ್ಲಿ ಪಾಲ್ಗೊಂಡ. ಮೈ ಜುಂ ಅನ್ನಿಸುವ ಸಂಗತಿ ಏನು ಅಂದರೆ, ಇದೆಲ್ಲ ನಡೆಯುತ್ತಿದ್ದಾಗಲೇ ಆತ ರೆಡ್ ಸ್ಟಾರ್‌ನಲ್ಲಿ ಸ್ವಂತ ಹೆಸರಿನಲ್ಲೇ ಆಡುತ್ತಿದ್ದ. ಒಂದು ಬದುಕು ಎಲ್ಲರ ಕಣ್ಣೆದುರು, ಇನ್ನೊಂದು ಕತ್ತಲಲ್ಲಿ. 1943ರ ನವೆಂಬರ್ 12ರಂದು ಪ್ಯಾರಿಸ್‌ನಲ್ಲಿ ಒಂದು ದಾಳಿಯ ವೇಳೆ ಗುಂಡೇಟು ತಿಂದು ಸಿಕ್ಕಿಬಿದ್ದ. 1944ರ ಫೆಬ್ರವರಿ 21ರಂದು ಮೋಂ ವಲೇರಿಯೆಂ ಕೋಟೆಯಲ್ಲಿ ಸಂಗಾತಿಗಳ ಜೊತೆ ಅವನನ್ನೂ ಗುಂಡಿಟ್ಟು ಕೊಂದರು. ವಯಸ್ಸು ಇಪ್ಪತ್ತು. ತಮ್ಮನಿಗೆ ಬರೆದ ಕೊನೆಯ ಪತ್ರದಲ್ಲಿ, ರೆಡ್ ಸ್ಟಾರ್‌ನವರಿಗೆಲ್ಲ ನನ್ನ ನಮಸ್ಕಾರ ತಿಳಿಸು, ವಿದಾಯ ಹೇಳು ಅಂತ ಬರೆದಿದ್ದ. ಫೆಬ್ರವರಿ 21, ಕ್ಲಬ್ ಹುಟ್ಟಿದ ತಾರೀಖು. 2024ರಲ್ಲಿ ಅದೇ ತಾರೀಖಿಗೆ ಫ್ರಾನ್ಸ್ ಸರ್ಕಾರ ಮನೂಷಿಯಾನ್ ಮತ್ತು ಅವರ ಹೆಂಡತಿ ಮೆಲಿನೆಯನ್ನು ಪ್ಯಾಂಥಿಯನ್‌ನಲ್ಲಿ, ದೇಶದ ಮಹನೀಯರ ಸಾಲಿನಲ್ಲಿ ಇಟ್ಟು ಗೌರವಿಸಿತು.

ರಿನೋ ರೆಡ್ ಸ್ಟಾರ್‌ನಲ್ಲಿದ್ದದ್ದು ಕೆಲವೇ ತಿಂಗಳು. ಆದರೆ ಈ ಕ್ಲಬ್‌ನ ಅಭಿಮಾನಿಗಳು ಎದೆಯಲ್ಲಿ ಇಟ್ಟುಕೊಂಡಿರುವುದು ಅವನನ್ನು. ಬ್ಯಾನರ್ ಮೇಲೆ ಅವನ ಮುಖ, ಹಾಡಿನಲ್ಲಿ ಅವನ ಹೆಸರು. ಗ್ಯಾಲರಿಯಲ್ಲಿ ಬಣ್ಣದ ಭೇದದ ಮಾತು ಯಾರಾದರೂ ಆಡಿದರೆ ಪಕ್ಕದವರೇ ಬಾಯಿ ಮುಚ್ಚಿಸುತ್ತಾರೆ. ಯುರೋಪಿನ ಕೆಲವು ಸ್ಟೇಡಿಯಂಗಳಲ್ಲಿ ನಮ್ಮಂಥ ಕಂದು ಮೈಯವರು ಸುತ್ತ ನೋಡಿಕೊಂಡು ಕೂರಬೇಕಾಗುತ್ತದೆ. ಇಲ್ಲಿ ನನಗೆ ಒಂದು ದಿನವೂ ಹಾಗೆ ಅನ್ನಿಸಿಲ್ಲ. ನನ್ನ ಮಟ್ಟಿಗೆ ಈ ಕ್ಲಬ್‌ಗೆ ಅತಿ ಹೆಚ್ಚು ಅಂಕ ಸಿಗುವುದು ಇಲ್ಲಿ.

ನಮ್ಮಲ್ಲಿ ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ರೆಡ್ ಸ್ಟಾರ್ ಕಥೆಯಲ್ಲಿ ಈ ಗಾದೆ ತಲೆಕೆಳಗಾಗಿತ್ತು. ಹೊರಗೆ ಗೆದ್ದಾಗಲೆಲ್ಲ ಮನೆ ಬಿಡಬೇಕಾಗುತ್ತಿತ್ತು.

ಹೇಗೆ ಅಂತ ಹೇಳುತ್ತೇನೆ. ಕ್ಲಬ್ ಕೊನೆಯದಾಗಿ ಮೊದಲ ದರ್ಜೆಯಲ್ಲಿ ಆಡಿದ್ದು 1974-75ರಲ್ಲಿ. ಆಮೇಲೆ ಏಳುಬೀಳು, ಅದರಲ್ಲಿ ಬೀಳುವುದೇ ಜಾಸ್ತಿ. 2003ರ ಹೊತ್ತಿಗೆ ದುಡ್ಡಿನ ತೊಂದರೆಯಿಂದ ಪ್ರಾದೇಶಿಕ ಮಟ್ಟದ ಲೀಗ್‌ಗೆ ತಳ್ಳಿದರು. ಐದು ಸಲ ಕಪ್ ಗೆದ್ದ ಕ್ಲಬ್ ಬಡಾವಣೆ ತಂಡಗಳ ಜೊತೆ ಆಡುವ ಹಾಗಾಯಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿದರು. 2008ರಲ್ಲಿ ಪಾತ್ರಿಸ್ ಹದ್ದಾದ್ ಅನ್ನುವ ಸಿನಿಮಾ ನಿರ್ಮಾಪಕ ಅಧ್ಯಕ್ಷರಾದರು. 2015ರಲ್ಲಿ ಮೂರನೇ ದರ್ಜೆ ಗೆದ್ದು ಲೀಗ್ 2ಕ್ಕೆ, ಅಂದರೆ ಎರಡನೇ ದರ್ಜೆಗೆ ಬಂದರು. ಊರೆಲ್ಲ ಹಬ್ಬ. ಆದರೆ ಬೋಎರ್ ಮೈದಾನ ಲೀಗ್ 2ರ ನಿಯಮಗಳಿಗೆ ಸಾಲದು ಅಂತಾಯಿತು. ತಂಡ ತನ್ನ ಊರಿನ ಪಂದ್ಯಗಳನ್ನು ಉತ್ತರಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೋವೆ ಪಟ್ಟಣದಲ್ಲಿ ಆಡಬೇಕಾಯಿತು. ಸಂಜೆ ಕೆಲಸ ಬಿಟ್ಟು ಅಷ್ಟು ದೂರ ಯಾರು ಹೋಗುತ್ತಾರೆ? ಆದರೂ ಜನ ಬಸ್ ಮಾಡಿಕೊಂಡು ಹೋದರು. ಆ ವರ್ಷ ತಂಡ ಐದನೇ ಸ್ಥಾನ ಪಡೆಯಿತು. ಲೀಗ್ 1 ಸ್ವಲ್ಪದರಲ್ಲಿ ತಪ್ಪಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುವರ್ಷ ಪ್ಯಾರಿಸ್‌ನ ಸಿರಿವಂತರ ಹದಿನಾರನೇ ಬಡಾವಣೆಯ ಜಾಂ-ಬ್ವೆಂ ಸ್ಟೇಡಿಯಂ ಸಿಕ್ಕಿತು, ಪಿಎಸ್‌ಜಿ ಆಡುವ ಪಾರ್ಕ್ ದೆ ಪ್ರೆನ್ಸ್ ಪಕ್ಕದಲ್ಲೇ. ಊರಿನ ಇನ್ನೊಂದು ತುದಿ ಅದು. ಆ ವರ್ಷದ ಕೊನೆಗೆ ಮತ್ತೆ ಕೆಳಗೆ ಬಿದ್ದರು. 2018ರಲ್ಲಿ ಮತ್ತೆ ಮೂರನೇ ದರ್ಜೆ ಗೆದ್ದರು, ಮತ್ತೆ ಬೋವೆಗೆ ಹೋದರು, ಕೊನೆಯ ಸ್ಥಾನ ಬಂತು, ಮತ್ತೆ ಇಳಿದರು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಮನೆಯ ಬಾಲ್ಕನಿಯಿಂದ ನೋಡುವ ಜನ, ರಸ್ತೆ ತುಂಬಾ ನಿಲ್ಲುವ ಜನ, ಇವರನ್ನೆಲ್ಲ ಬಿಟ್ಟು ಯಾರದೋ ಊರಿನ ಖಾಲಿ ಕುರ್ಚಿಗಳ ಮುಂದೆ ಆಡಿದರೆ ಕಾಲಿಗೆ ಬಲ ಎಲ್ಲಿಂದ ಬರಬೇಕು?

ಹಾಗಂತ ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಬೋಎರ್ ಬಿಟ್ಟು ಬೇರೆ ಕಡೆ ಹೊಸ ಸ್ಟೇಡಿಯಂ ಕಟ್ಟೋಣ ಅನ್ನುವ ಮಾತು ಬಂದಾಗಲೆಲ್ಲ ಬೇಡ ಅಂದರು. ಸಂಘ ಕಟ್ಟಿಕೊಂಡು ವರ್ಷಾನುಗಟ್ಟಲೆ ಒಂದೇ ಮಾತು ಹಿಡಿದು ಕೂತರು: ಇದೇ ಜಾಗದಲ್ಲಿ, ಇದೇ ರಸ್ತೆಯಲ್ಲಿ ಸರಿಮಾಡಿ ಕೊಡಿ. ಕೊನೆಗೆ 2021ರಲ್ಲಿ ಪುರಸಭೆ ಜಾಗವನ್ನು ಒಂದು ನಿರ್ಮಾಣ ಕಂಪನಿಗೆ ಮಾರಿತು, ಹತ್ತು ಸಾವಿರ ಜನ ಹಿಡಿಸುವ ಹಾಗೆ ಹಂತ ಹಂತವಾಗಿ ಕಟ್ಟುವ ಕೆಲಸ ಶುರುವಾಯಿತು. 2024ರಲ್ಲಿ ಹಬೀಬ್ ಬೇಯ್ ಕೋಚ್ ಆಗಿದ್ದ ತಂಡ ಮತ್ತೊಮ್ಮೆ ಮೂರನೇ ದರ್ಜೆ ಗೆದ್ದಿತು. ಈ ಸಲ ಲೀಗ್ 2 ಪಂದ್ಯಗಳು ಬೋಎರ್‌ನಲ್ಲೇ ನಡೆದವು.

ನನ್ನ ಪಕ್ಕ ನಿಲ್ಲುವ ಒಬ್ಬ ಅಜ್ಜ ಇದ್ದಾರೆ. ಹಸಿರು ಬಿಳಿ ಪಟ್ಟಿಯ ಉಣ್ಣೆಯ ಸ್ಕಾರ್ಫ್, ಎಷ್ಟು ಹಳೆಯದು ಅಂದರೆ ಬಿಳಿ ಪಟ್ಟಿಗಳು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿವೆ. ತುದಿಯ ದಾರಗಳು ಬಿಚ್ಚಿಕೊಂಡಲ್ಲಿ ಯಾರೋ ಬೇರೆ ಹಸಿರಿನ ದಾರದಿಂದ ಹೊಲಿದಿದ್ದಾರೆ. ಆಟ ಬಿಗಿಯಾದಾಗ ಅವರ ಹೆಬ್ಬೆರಳು ಆ ಹೊಲಿಗೆ ಮೇಲೆ ಓಡಾಡುತ್ತಿರುತ್ತದೆ. ಬೋವೆಗೆ ಹೋಗಿದ್ದಿರಾ ಅಂತ ಒಮ್ಮೆ ಕೇಳಿದೆ. "ಹೋಗಿದ್ದೆ. ಗೆದ್ದರೂ ಮನೆಗೆ ಬರುವಷ್ಟರಲ್ಲಿ ಖುಷಿ ಆರಿಹೋಗಿರುತ್ತಿತ್ತು," ಅಂದರು. ಈಗ ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ಮನೆಯಲ್ಲಿರುತ್ತಾರಂತೆ.

ಒಂದು ಆತಂಕ ಇದೆ, ಅದನ್ನೂ ಹೇಳಬೇಕು. 2022ರಲ್ಲಿ ಕ್ಲಬ್ ಅಮೆರಿಕದ ಮಯಾಮಿಯ 777 ಪಾರ್ಟ್‌ನರ್ಸ್ ಎಂಬ ಹೂಡಿಕೆ ಕಂಪನಿಯ ಕೈಗೆ ಹೋಯಿತು. ಇಟಲಿಯ ಜಿನೋವಾ, ಬೆಲ್ಜಿಯಂನ ಸ್ಟ್ಯಾಂಡರ್ಡ್ ಲಿಯೇಜ್, ಬ್ರೆಜಿಲ್‌ನ ವಾಸ್ಕೋ ಡ ಗಾಮಾ ಹೀಗೆ ಅಂಗಡಿಯಲ್ಲಿ ಸಾಮಾನು ಆರಿಸಿದಂತೆ ಕ್ಲಬ್‌ಗಳನ್ನು ಕೊಳ್ಳುತ್ತಿದ್ದ ಕಂಪನಿ ಅದು. ಮಾರಾಟದ ಸುದ್ದಿ ಬಂದಾಗ ಗ್ಯಾಲರಿ ಉರಿದುಬಿತ್ತು. ಹೊಗೆ, ಬ್ಯಾನರ್, ಧಿಕ್ಕಾರ. ಇಷ್ಟೆಲ್ಲ ಆದರೂ ಮಾರಾಟ ನಿಲ್ಲಲಿಲ್ಲ. ಆಮೇಲೆ ಏನಾಯಿತು? 2024ರಲ್ಲಿ ಆ ಕಂಪನಿ ಮೇಲೆ ನ್ಯೂಯಾರ್ಕ್‌ನಲ್ಲಿ ವಂಚನೆಯ ಮೊಕದ್ದಮೆ ಬಿತ್ತು, ಅದರ ಫುಟ್‌ಬಾಲ್ ಸಾಮ್ರಾಜ್ಯವೇ ಕುಸಿಯಿತು. ಅಭಿಮಾನಿಗಳು ಮೊದಲೇ ಹೇಳಿದ್ದರು. ದುಡ್ಡು ಹಾಕುವವರು ಬೇಕು ಅನ್ನುವುದು ನನಗೂ ಗೊತ್ತು, ದುಡ್ಡಿಲ್ಲದೆ ಲೀಗ್ 2ರಲ್ಲಿ ಉಳಿಯುವುದು ಕಷ್ಟ. ಆದರೆ 2003ರಲ್ಲಿ ಪಾತಾಳಕ್ಕೆ ಬಿದ್ದಾಗಲೂ ಬಿಟ್ಟುಹೋಗದೆ ನಿಂತವರ ಮಾತಿಗೆ ಮಾಲೀಕರು ಬೆಲೆ ಕೊಡಬೇಕು. ಈ ವಿಷಯದಲ್ಲಿ ನಾನು ಪೂರ್ತಿ ಗ್ಯಾಲರಿ ಕಡೆ.

ಇನ್ನು ಆಟದ ಗುಣಮಟ್ಟ. ಮೆಸ್ಸಿ, ಎಂಬಾಪೆ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಲೀಗ್ 2 ಅಂದರೆ ಮೈಗೆ ಮೈ ತಾಗಿಸಿ ಆಡುವ ಆಟ, ಓಟ ಜಾಸ್ತಿ. ಮೂರು ಪಾಸ್ ಕಣ್ಣಿಗೆ ಹಬ್ಬ, ನಾಲ್ಕನೆಯದು ಗೆರೆ ದಾಟಿ ಹೊರಗೆ. ಆದರೆ ಇಲ್ಲಿ ಆಡುವವರಲ್ಲಿ ಎರಡು ತರಹದವರು. ಮೇಲೆ ಹೋಗಬೇಕು ಅಂತ ಹಸಿದಿರುವ ಹುಡುಗರು, ಮೇಲೆ ಇದ್ದು ಬಂದ ಅನುಭವಸ್ಥರು. ಇಬ್ಬರಿಗೂ ಪ್ರತಿ ಪಂದ್ಯ ಮುಖ್ಯ. ಸುಮ್ನೆ ನಡೆದಾಡುವವರು ಕಾಣುವುದು ಕಡಿಮೆ. ನಿಮಗೆ ಆಟ ಕಲಿಯುವ ಮಗ ಮಗಳು ಇದ್ದರೆ ಇಂಥ ಪಂದ್ಯ ತೋರಿಸಿ. ತಪ್ಪು ಹೇಗೆ ಆಗುತ್ತದೆ, ತಪ್ಪಾದ ಮೇಲೆ ಹೇಗೆ ಓಡಿಬಂದು ಸರಿಮಾಡುತ್ತಾರೆ ಅನ್ನುವುದು ಹತ್ತಿರದಿಂದ ಕಾಣುತ್ತದೆ.

ಟಿಕೆಟ್ ಬಗ್ಗೆ ಎಚ್ಚರಿಕೆ. ಕ್ಲಬ್‌ನ ಸ್ವಂತ ಸೈಟ್‌ನಲ್ಲೇ ತಗೊಳ್ಳಿ. ಮೊದಲ ಸಲ ನಾನು ಮೂರನೆಯವರ ಸೈಟ್ ಒಂದರಲ್ಲಿ ಕೊಂಡು ಪೆಟ್ಟು ತಿಂದೆ. ದುಡ್ಡು ಹೋಯಿತು, ಟಿಕೆಟ್ ಬರಲೇ ಇಲ್ಲ, ಕಳಿಸಿದ ಮೇಲ್‌ಗಳಿಗೆ ಉತ್ತರವೂ ಇಲ್ಲ. ಆ ದಿನ ಗೇಟಿನ ಹೊರಗೇ ನಿಂತು ಒಳಗಿನ ಸದ್ದು ಕೇಳಿಸಿಕೊಂಡು ವಾಪಸ್ ಬಂದೆ. ಪಿಎಸ್‌ಜಿ ದರಕ್ಕೆ ಹೋಲಿಸಿದರೆ ಇಲ್ಲಿ ಏನೇನೂ ಅಲ್ಲ, ಅಲ್ಲಿನ ಒಂದು ಟಿಕೆಟ್ ದುಡ್ಡಲ್ಲಿ ಇಲ್ಲಿ ಮನೆಮಂದಿಯೆಲ್ಲ ನೋಡಬಹುದು. ಕ್ಲಬ್‌ಗೆ ಈಗ ಹೆಸರು ಬಂದಿದೆ, ಗ್ಯಾಲರಿ ತುಂಬುತ್ತಿದೆ, ಹಾಗಾಗಿ ಕೊನೇ ದಿನಕ್ಕೆ ಬಿಡಬೇಡಿ. ಸದ್ದು ಬೇಕು ಅಂದರೆ ರಿನೋ ಗ್ಯಾಲರಿ. ಅಲ್ಲಿ ಇಡೀ ಪಂದ್ಯ ನಿಂತೇ ಇರಬೇಕು, ಹಾಡು ಡ್ರಮ್ಮು ನಿಲ್ಲುವುದಿಲ್ಲ. ಅಪ್ಪ ಅಮ್ಮನ ಜೊತೆ ಬಂದಿದ್ದರೆ ಕೂರುವ ಕಡೆ ತಗೊಳ್ಳಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಮೊದಲೇ ತಿಂದುಕೊಂಡು ಹೋಗುವುದು ಒಳ್ಳೆಯದು. ಫ್ರಾನ್ಸಿನ ಯಾವ ಮೈದಾನಕ್ಕೆ ಹೋದರೂ ಸಿಗುವುದು ಮೆರ್ಗೆಜ್, ಅಂದರೆ ಖಾರದ ಮಾಂಸದ ಸಾಸೇಜು, ಅದನ್ನು ಉದ್ದ ಬ್ರೆಡ್ಡಿನಲ್ಲಿಟ್ಟು ಮೇಲೆ ಫ್ರೈಸ್ ಸುರಿದು ಕೊಡುತ್ತಾರೆ. ಉತ್ತರ ಆಫ್ರಿಕಾದವರ ಜೊತೆ ಬಂದ ತಿನಿಸು, ಈಗ ಫುಟ್‌ಬಾಲ್‌ನದೇ ತಿನಿಸಾಗಿದೆ. ಮಾಂಸ ತಿನ್ನುವವರು ತಪ್ಪಿಸಬೇಡಿ. ತಿನ್ನದವರಿಗೆ ಫ್ರೈಸ್ ಇದ್ದೇ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಚಳಿ ಮೇಲಿಂದ ಅಲ್ಲ, ಕಾಂಕ್ರೀಟಿನಿಂದ ಹತ್ತುತ್ತದೆ.

ಜೆರ್ಸಿ ಹಸಿರು ಬಿಳಿ, ಎದೆ ಮೇಲೆ ಕೆಂಪು ನಕ್ಷತ್ರ. ಹೆಸರಲ್ಲಿ ಕೆಂಪು, ಮೈಮೇಲೆ ಹಸಿರು, ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ನೋಡಲು ತುಂಬಾ ಚೆನ್ನಾಗಿರುತ್ತದೆ, ಫುಟ್‌ಬಾಲ್ ನೋಡದ ಹುಡುಗರು ಕೂಡ ಪ್ಯಾರಿಸ್ ಬೀದಿಗಳಲ್ಲಿ ಹಾಕಿಕೊಂಡು ತಿರುಗುತ್ತಾರೆ. ಬೆಂಗಳೂರಿಗೆ ಹೋದಾಗ ತಂಗಿ ಮಗನಿಗೆ ಒಂದು ತಗೊಂಡು ಹೋಗಿದ್ದೆ. ಶಾಲೆಯಲ್ಲಿ ಎಲ್ಲರ ಹತ್ತಿರ ಇರುವುದು ಪಿಎಸ್‌ಜಿ, ರಿಯಲ್ ಮ್ಯಾಡ್ರಿಡ್. ಇದು ಯಾವುದು ಅಂತ ಕೇಳಿದರಂತೆ. ರಿನೋ ಕಥೆ ಹೇಳಿಕೊಟ್ಟಿದ್ದೆ, ಅವನು ಅದನ್ನೇ ಹೇಳಿದನಂತೆ.

ಫೆಬ್ರವರಿಯಲ್ಲಿ ಬರುವ ಅವಕಾಶ ಇದ್ದರೆ 21ರ ಹತ್ತಿರದ ಪಂದ್ಯ ನೋಡಿ. ಸ್ಟೇಡಿಯಂ ಬಳಿ ರಿನೋ ಹೆಸರಿನ ಫಲಕ ಇದೆ, ಆ ದಿನಗಳಲ್ಲಿ ಅದರ ಕೆಳಗೆ ಹೂವು ಇಟ್ಟಿರುತ್ತಾರೆ. ಹೋದ ಸಲ ಪಂದ್ಯ ಮುಗಿದ ಮೇಲೆ ನಾನು ಅಲ್ಲಿ ನಿಂತಿದ್ದೆ. ಏಳೆಂಟು ವರ್ಷದ ಒಬ್ಬ ಹುಡುಗ, ಮೊಣಕಾಲಿನ ತನಕ ಬರುವ ದೊಡ್ಡವರ ಜೆರ್ಸಿ ಹಾಕಿಕೊಂಡಿದ್ದ. ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದ. ರಿ-ನೋ ಅಂತ ಸಲೀಸಾಗಿ ಬಂತು. ಮುಂದಿನದು ತೊದಲಿತು. ಅವರಪ್ಪ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿಕೊಟ್ಟರು, ಹುಡುಗ ಎರಡು ಸಲ ಹೇಳಿ ಸರಿಮಾಡಿಕೊಂಡ. ಆಮೇಲೆ ಇಬ್ಬರೂ ಎದ್ದು ಬೋಎರ್ ರಸ್ತೆಯಲ್ಲಿ ಮನೆ ಕಡೆ ನಡೆದರು.